ಹಗ್ಗ ಹಾಕಿ ತಂದ ಗಿಟಾರು

ನಮ್ಮ ಭಾವ ಹೆಣ್ಣಿನ ಹಲ್ಲು ನೋಡಿ ಮದುವೆಯಾದವರು ಎಂದು ಶಿಕಾರಿಪುರದಲ್ಲಿ ಒಂದು ಮಾತಿದೆ. ಶುದ್ಧ ಸುಳ್ಳು. ಅವರು ನಡಿಗೆಯನ್ನೂ ನೋಡಿದ್ದರು!

ಹೆಣ್ಣು ನೋಡಲು ಕುಪ್ಪಗಡ್ಡೆಯ ನಮ್ಮ ಮನೆಗೆ ಬಂದವರು ಉಪ್ಪಿಟ್ಟಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಹುಡುಗಿಯನ್ನು ಒಂದು ನಾಲ್ಕು ಹೆಜ್ಜೆ ನಡೆಸಿ ಎಂದು ನಮ್ಮ ಅಪ್ಪನಿಗೆ ಹೇಳಿದರು. ಅಕ್ಕ ಜಗಲಿಯ ಈ ತುದಿಯಿಂದ ಆ ತುದಿಗೆ ನಡೆದಳು. ನಡೆದವಳು ಸುಮ್ಮನೆ ಒಳಗೆ ಹೋಗಬೇಕೋ ಬೇಡವೋ? ಹೋಗಲಿಲ್ಲ. ಅಲ್ಲೇ ನಿಂತು, ಈಗ ಅವರೂ ಒಂದು ಸಲ ನಡೆದು ತೋರಿಸಲಿ ಎಂದುಬಿಟ್ಟಳು. ಅಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತಂತೆ. ಭಾವ ಮಾತ್ರ ಎದ್ದು, ಪಂಚೆ ಸರಿಮಾಡಿಕೊಂಡು, ಜಗಲಿಯ ಉದ್ದಕ್ಕೂ ಹೋಗಿ, ತಿರುಗಿ ಬಂದು ಕೂತು ಉಪ್ಪಿಟ್ಟು ತಿಂದರು. ಮದುವೆ ನಿಶ್ಚಯವಾಯಿತು. ಇವತ್ತಿನವರೆಗೆ ಇಬ್ಬರಲ್ಲಿ ಒಬ್ಬರೂ ಕುಂಟಿಲ್ಲ.

ಭಾವನ ಕಸುಬನ್ನು ಈಗಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಅವರಿಗೆ ಎಲ್ಲೋ ಒಂದು ತಿರುಪು ಸಡಿಲ ಎಂದು ನೀವು ತಿಳಿದುಕೊಳ್ಳುತ್ತೀರಿ. (ಸಡಿಲವಿಲ್ಲ ಎಂದು ನಾನೇನೂ ಹೇಳುತ್ತಿಲ್ಲ.) ಅವರು ಎತ್ತು ನೋಡುವವರು. ಶಿಕಾರಿಪುರದ ಸುತ್ತಮುತ್ತ ಯಾರೇ ಎತ್ತು ಕೊಳ್ಳಲಿ, ವ್ಯಾಪಾರಕ್ಕೆ ಮುಂಚೆ ಭಾವನನ್ನು ಕರೆದುಕೊಂಡು ಹೋಗುತ್ತಾರೆ. ಅವರು ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ಗೊರಸು ತಟ್ಟುತ್ತಾರೆ, ಮೈಮೇಲೆ ಕೂದಲು ಸುತ್ತಿಕೊಂಡಿರುವ ಸುಳಿಗಳನ್ನು ಹುಡುಕಿ ಒಳ್ಳೆಯದು ಕೆಟ್ಟದ್ದು ಹೇಳುತ್ತಾರೆ. ಕೊನೆಗೆ ಸದ್ದಿಲ್ಲದೆ ಹಿಂದೆ ಹೋಗಿ ಜೋರಾಗಿ ಕೆಮ್ಮುತ್ತಾರೆ. ಕೆಮ್ಮಿಗೆ ಬೆದರದ ಎತ್ತೇ ಎತ್ತು ಎನ್ನುವುದು ಅವರ ಸಿದ್ಧಾಂತ. ಟ್ರ್ಯಾಕ್ಟರುಗಳು ಬಂದು ಎತ್ತುಗಳೇನೋ ಕಡಿಮೆಯಾದವು, ಆದರೆ ನೋಡುವ ಕಣ್ಣು ಎಲ್ಲಿ ಹೋಗಬೇಕು? ಅದು ಉಳಿದ ಸಾಮಾನುಗಳ ಮೇಲೆ ತಿರುಗಿತು.

ಮನೆಗೆ ಫ್ರಿಜ್ಜು ಕೊಳ್ಳುವಾಗ ನಾನೂ ಜೊತೆಗಿದ್ದೆ. ಬಾಗಿಲು ತೆಗೆದು ಒಳಗಿನ ತಟ್ಟೆಗಳನ್ನು ಹಲ್ಲು ನೋಡುವ ಹಾಗೆ ಒಂದೊಂದೇ ಅಲ್ಲಾಡಿಸಿದರು. ಕೆಳಗೆ ಕೂತು ಕಾಲು ತಟ್ಟಿದರು. ಆಮೇಲೆ ಹಿಂದೆ ಹೋಗಿ ಕೆಮ್ಮಿದರು. ಅಂಗಡಿಯವನು ನೀರು ತಂದುಕೊಟ್ಟ. ಏನೇ ಅನ್ನಿ, ಆ ಫ್ರಿಜ್ಜು ತಂದು ಹದಿನಾಲ್ಕು ವರ್ಷವಾಯಿತು, ಒಂದು ದಿನವೂ ಕೈ ಕೊಟ್ಟಿಲ್ಲ. ಅದೇ ನಾನು ನನ್ನ ಬುದ್ಧಿಯಿಂದ, ಸೊರಬದ ಹೈಸ್ಕೂಲಿನಲ್ಲಿ ಗಣಿತ ಹೇಳುವ ಈ ಬುದ್ಧಿಯಿಂದ, ಒಂದು ಸ್ಕೂಟರು ಕೊಂಡೆ. ಭಾವ ಅದನ್ನು ದೂರದಿಂದಲೇ ನೋಡಿ, ಮೇಷ್ಟ್ರೇ, ಇದರ ಹಿಂಗಾಲು ಸೆಳೀತೈತಿ ಎಂದರು. ನಾನು ನಕ್ಕೆ. ಮೂರೇ ತಿಂಗಳಿಗೆ ಹಿಂದಿನ ಚಕ್ರದ ಬೇರಿಂಗು ಹೋಯಿತು. ಅವತ್ತಿನಿಂದ ನಾನು ಒಂದು ಕೊಡೆ ಕೊಳ್ಳುವುದಕ್ಕೂ ಅವರನ್ನು ಕೇಳುತ್ತೇನೆ.

ಇಂಥ ಮನುಷ್ಯ ಅರವತ್ತೆರಡನೇ ವಯಸ್ಸಿಗೆ ಎಲೆಕ್ಟ್ರಿಕ್ ಗಿಟಾರು ಕೊಳ್ಳಲು ಹೊರಟರು ನೋಡಿ! ಊರು ನಕ್ಕಿತು. ಕಾರಣ ಗೊತ್ತಿದ್ದವನು ನಾನೊಬ್ಬನೇ, ನನಗೆ ನಗಲು ಆಗಲಿಲ್ಲ.

ಕಾರಣ ನಮ್ಮ ಅಕ್ಕ. ನಾಲ್ಕು ವರ್ಷದಿಂದ ಅವಳಿಗೆ ಕಿವಿ ಕೇಳುತ್ತಿಲ್ಲ. ಮೊದಲು ಹಕ್ಕಿ ಕೂಗುವುದು ಹೋಯಿತು, ಆಮೇಲೆ ಕುಕ್ಕರಿನ ಸೀಟಿ ಹೋಯಿತು, ಕೊನೆಗೆ ಗಂಡನ ಗೊಣಗಾಟವೂ ಹೋಯಿತು. ಇದೊಂದು ಲಾಭವೇ ಎಂದು ಅವಳು ಮೊದಮೊದಲು ತಮಾಷೆ ಮಾಡುತ್ತಿದ್ದಳು. ನಡುಗಿವಿಯ ಪುಟ್ಟ ಮೂಳೆಯೊಂದು ಬಿಗಿದುಕೊಂಡಿದೆ, ಗಾಳಿಯಲ್ಲಿ ಬರುವ ದನಿಗೆ ಬಾಗಿಲು ಮುಚ್ಚಿದೆ, ತಲೆಯ ಮೂಳೆಯ ಮೂಲಕ ಬಂದರೆ ಮಾತ್ರ ಒಳಗೆ ಹೋಗುತ್ತದೆ ಎಂದು ಶಿವಮೊಗ್ಗದ ಡಾಕ್ಟರು ವಿವರಿಸಿದರು. ಆಪರೇಷನ್ನಿಗೆ ಅಕ್ಕ ಸುತರಾಂ ಒಪ್ಪಲಿಲ್ಲ. ಭಾವ ಕಿವಿಯ ಮಷೀನು ಕೊಡಿಸಿದರು. ಅದನ್ನು ಹಾಕಿಕೊಂಡರೆ ಮನೆಯವರ ಮಾತು ಬಿಟ್ಟು ಉಳಿದದ್ದೆಲ್ಲ ಕೇಳುತ್ತಿತ್ತು. ಪಾತ್ರೆ ಇಟ್ಟರೆ ಸಿಡಿಲು, ಫ್ಯಾನು ಹಾಕಿದರೆ ಬಿರುಗಾಳಿ. ಇನ್ನೊಂದು ತಂದರು, ಮತ್ತೊಂದು ತಂದರು. ಪ್ರತಿಸಲವೂ ಅಕ್ಕ ಆಸೆಯಿಂದ ಹಾಕಿಕೊಳ್ಳುವುದು, ಎರಡು ದಿನಕ್ಕೆ ತೆಗೆದಿಡುವುದು. ಮೂರನೆಯದನ್ನು ತೆಗೆದಿಟ್ಟ ದಿನ ಅಡುಗೆಮನೆಯಲ್ಲಿ ಕೂತು ಅತ್ತು, ಇನ್ನು ನನಗೆ ಏನೂ ತರಬೇಡಿ, ಆಸೆ ಪಟ್ಟು ಪಟ್ಟು ಸುಸ್ತಾಯಿತು ಎಂದಳು.

ಅಲ್ಲಿಂದ ಆ ಮನೆಯಲ್ಲಿ ಮಾತು ನಿಂತಿತು. ಜಗಳವಲ್ಲ, ಏನಲ್ಲ. ಕೂಗಿ ಹೇಳಲು ಭಾವನಿಗೆ ಮನಸ್ಸಿಲ್ಲ, ಮುಖ ನೋಡಿ ಊಹಿಸಲು ಅಕ್ಕನಿಗೆ ಶಕ್ತಿಯಿಲ್ಲ. ಅಕ್ಕ ನನಗೆ ಫೋನು ಮಾಡಿದರೆ ನಾನು ಹಲೋ ಎನ್ನುವ ಅಗತ್ಯವೇ ಇಲ್ಲ. ಅವಳಿಗೆ ಹೇಳಬೇಕಾದದ್ದನ್ನು ಹೇಳಿ ಇಟ್ಟುಬಿಡುತ್ತಾಳೆ. ಭಾವ ತಮ್ಮ ಮಾತನ್ನೆಲ್ಲ ಕೊಟ್ಟಿಗೆಗೆ ಒಯ್ದರು. ಅಲ್ಲಿ ಕೆಂದ, ಮಾಸ ಎಂಬ ಎರಡು ಎತ್ತುಗಳಿವೆ. ಊರವರಿಗೆಲ್ಲ ಸುಳಿ ನೋಡಿ ಎತ್ತು ಆರಿಸಿಕೊಡುವ ಭಾವ, ಸುಳಿ ಸರಿಯಿಲ್ಲ ಎಂದು ಯಾರೂ ಕೊಳ್ಳದ ಎರಡು ಕರುಗಳನ್ನು ತಂದು ಸಾಕಿದ್ದರು. ಹೊತ್ತು ಹೊತ್ತಿಗೆ ಅವುಗಳಿಗೆ ಊರಿನ ಸುದ್ದಿ, ಮಳೆಯ ಸುದ್ದಿ, ನನ್ನ ಸ್ಕೂಟರಿನ ಸುದ್ದಿ ಎಲ್ಲ ವರದಿಯಾಗುತ್ತಿತ್ತು. ನನ್ನ ವಿಷಯ ಆ ಎತ್ತುಗಳಿಗೆ ಗೊತ್ತಿರುವಷ್ಟು ನನ್ನ ಹೆಂಡತಿಗೂ ಗೊತ್ತಿಲ್ಲ.

ಹೀಗಿರುವಾಗ ತೊಗರ್ಸಿಯಲ್ಲಿ ನಮ್ಮ ನೆಂಟರದೊಂದು ಮದುವೆ ಬಂತು. ಆರ್ಕೆಸ್ಟ್ರಾ ಇತ್ತು. ಸೊರಬದಲ್ಲಿ ಶಾಮಿಯಾನ ಮತ್ತು ಸೌಂಡ್ ಸರ್ವಿಸ್ ನಡೆಸುವವರೊಬ್ಬರು ತಮ್ಮ ಹಳೆಯ ಗಿಟಾರನ್ನು ಗೋಡೆಗೆ ಒರಗಿಸಿಟ್ಟು ವಯರು ಎಳೆಯುತ್ತಿದ್ದರು. ಪಕ್ಕದ ಕುರ್ಚಿಯಲ್ಲಿ ಅಕ್ಕ ತೂಕಡಿಸುತ್ತಿದ್ದಳು. ತೂಕಡಿಸುತ್ತ ತೂಕಡಿಸುತ್ತ ಅವಳ ಕೆನ್ನೆ ಗಿಟಾರಿನ ತಲೆಗೆ ಒರಗಿತು. ಅದೇ ಹೊತ್ತಿಗೆ ಅವರು ಬಗ್ಗಿ ತಂತಿಯನ್ನೊಮ್ಮೆ ಮೀಟಿದರು. ಕರೆಂಟ್ ಇನ್ನೂ ಕೊಟ್ಟಿರಲಿಲ್ಲ, ಪಕ್ಕದಲ್ಲಿದ್ದ ನಮಗೇ ಸರಿಯಾಗಿ ಕೇಳಲಿಲ್ಲ. ಅಕ್ಕ ಮಾತ್ರ ದಡಕ್ಕನೆ ಎದ್ದು ಕೂತಳು.

"ಯಾರು ಹಾಡಿದ್ದು?"

ಯಾರೂ ಹಾಡಿಲ್ಲ ಎಂದು ಕೈಸನ್ನೆ ಮಾಡಿದೆ. ಕನಸು ಬಿತ್ತೇನೋ ಎಂದುಕೊಂಡು ಸೆರಗು ಸರಿಮಾಡಿಕೊಂಡಳು. ಭಾವ ಎಲ್ಲವನ್ನೂ ನೋಡಿದ್ದರು. ಹೋಳಿಗೆ ಊಟದಲ್ಲಿ ಏಳಕ್ಕೆ ಕಡಿಮೆ ಇಲ್ಲದೆ ಏಳದ ಮನುಷ್ಯ ಅವತ್ತು ಮೂರಕ್ಕೆ ಎದ್ದರು. ಎದ್ದವರು ಸೀದಾ ಆ ಸೌಂಡ್ ಸರ್ವಿಸ್‌ನವರ ಬಳಿ ಹೋದರು.

ಅವರು ಹೇಳಿದ್ದಿಷ್ಟು. ಮಾಮೂಲಿ ಗಿಟಾರಿಗೆ ಹೊಟ್ಟೆ ಟೊಳ್ಳು, ದನಿಯನ್ನು ಗಾಳಿಗೆ ಎಸೆಯುತ್ತದೆ. ಎಲೆಕ್ಟ್ರಿಕ್ ಗಿಟಾರು ಇಡೀ ಗಟ್ಟಿ ಹಲಗೆ, ನಡುಕವನ್ನು ಮರದಲ್ಲೇ ಇಟ್ಟುಕೊಳ್ಳುತ್ತದೆ. ತಮ್ಮದು ಎರಡು ಕೊಂಬಿನ ಹಳೇ ಅಮೆರಿಕದ ಮಾಲು, ಲೋಕಕ್ಕೆಲ್ಲ ಹೆಸರಾದದ್ದು, ಅಸಲಿ. ಈಗ ಅದೇ ಕಂಪನಿಯವರು ಬೇರೆ ದೇಶದಲ್ಲಿ ಅದೇ ಆಕಾರದ ಅಗ್ಗದ ಗಿಟಾರು ಮಾಡಿಸುತ್ತಾರೆ, ಶಿವಮೊಗ್ಗದಲ್ಲೂ ಸಿಗುತ್ತದೆ. ನೋಡಲು ಎರಡೂ ಅವಳಿ ಜವಳಿ, ಬೆಲೆಯಲ್ಲಿ ಮಾತ್ರ ಆನೆಗೂ ಆಡಿಗೂ ಇರುವಷ್ಟು ಅಂತರ. ಡಿ.ಜೆ. ಬಂದ ಮೇಲೆ ಆರ್ಕೆಸ್ಟ್ರಾ ಕೇಳುವವರಿಲ್ಲ, ಬೇಕಾದರೆ ತಮ್ಮ ಅಸಲಿಯನ್ನೇ ಕೊಡುವುದಾಗಿ ಹೇಳಿದರು.

ಮುಂದಿನ ಭಾನುವಾರವೇ ಭಾವ ಸೊರಬಕ್ಕೆ ಬಂದು ನನ್ನನ್ನು ಎಬ್ಬಿಸಿಕೊಂಡು ಆ ಸೌಂಡ್ ಸರ್ವಿಸ್‌ನವರ ಮನೆಗೆ ಹೊರಟರು. ಬೀರುವಿನಿಂದ ರೇಷ್ಮೆ ಸೀರೆಯಲ್ಲಿ ಸುತ್ತಿದ ಗಿಟಾರು ಹೊರಬಂತು. ಭಾವ ಅದರ ಕೊಂಬು ಹಿಡಿದು ಅಲ್ಲಾಡಿಸಿದರು, ಕತ್ತಿನ ಮೇಲೆ ಸಾಲಾಗಿ ಹೊಡೆದ ತಂತಿಪಟ್ಟಿಗಳನ್ನು ಹಲ್ಲಿನಂತೆ ಉಗುರಿನಿಂದ ಕೆರೆದರು, ಬೆನ್ನು ತಿರುಗಿಸಿ ಮರದ ಗೆರೆಯಲ್ಲಿ ಸುಳಿ ಹುಡುಕಿದರು. ಒಂದು ಸಿಕ್ಕಿತು. ಒಳ್ಳೆಯದೇ ಎಂದು ಸಮಾಧಾನ ಹೇಳಿದರು. ಕೊನೆಗೆ ಗದ್ದವನ್ನು ಮರದ ಮೇಲೆ ಊರಿ, ಕಣ್ಣು ಮುಚ್ಚಿ, ತಂತಿ ಮೀಟಿ, ಬಹಳ ಹೊತ್ತು ಹಾಗೇ ಕೂತರು. ಮಾಲೀಕರ ಹೆಂಡತಿ ಬಾಗಿಲ ಸಂದಿಯಿಂದ ನೋಡುತ್ತಿದ್ದರು. ನಾನು ಎಲ್ಲಿ ನೋಡುವುದೆಂದು ತಿಳಿಯದೆ ಕ್ಯಾಲೆಂಡರು ಓದಿದೆ.

ಆಮೇಲೆ ವ್ಯಾಪಾರ. ಎತ್ತಿನ ವ್ಯಾಪಾರದಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಇಬ್ಬರ ಕೈಗಳ ಮೇಲೆ ಟವೆಲು ಹಾಕಿ, ಅದರ ಅಡಿಯಲ್ಲಿ ಬೆರಳು ಹಿಡಿದು ಹೇಳುತ್ತಾರೆ, ಸುತ್ತ ನಿಂತವರಿಗೆ ತಿಳಿಯಬಾರದು. ಭಾವ ಟವೆಲು ಹಾಕಿದರು. ಆ ಮಾಲೀಕರ ತಂದೆಯೂ ದನದ ವ್ಯಾಪಾರ ಮಾಡಿದವರಂತೆ, ಅವರು ಸಂತೋಷವಾಗಿ ಕೈ ಒಳಗಿಟ್ಟರು. ಟವೆಲು ಸ್ವಲ್ಪ ಹೊತ್ತು ಆಚೀಚೆ ಆಡಿತು, ನಿಂತಿತು. ಭಾವ ಕೈ ತೆಗೆದು ಟೀ ಕುಡಿದು ಹೊರಬಂದರು. ಎಷ್ಟಂತೆ ಎಂದು ಬಸ್ ಸ್ಟ್ಯಾಂಡಿನವರೆಗೆ ಕೇಳುತ್ತಲೇ ಬಂದೆ. ಬಸ್ಸು ಹತ್ತುವ ಮುಂಚೆ ಒಂದೇ ಮಾತು ಹೇಳಿದರು.

"ಕೆಂದ, ಮಾಸ ಇಬ್ರನ್ನೂ ಕೊಟ್ರ ಸರಿಹೋಕ್ಕೈತಿ."

ಅಕ್ಕನ ಕಿವಿಗೆ ಒಂದು ದನಿ ಬೀಳಬೇಕು, ಅದಕ್ಕೆ ಈ ಮನುಷ್ಯ ಮಾತಾಡಲು ಉಳಿದಿರುವ ಎರಡು ಜೀವಗಳನ್ನು ಮಾರಬೇಕು. ಅಗ್ಗದ್ದನ್ನು ಒಮ್ಮೆ ನೋಡೋಣ ಭಾವ ಎಂದೆ. ಅವರ ಹೆದರಿಕೆ ಅದೇ ಆಗಿತ್ತು. ಅಗ್ಗದ್ದು ತಂದು, ಅಕ್ಕ ಕೆನ್ನೆಯಿಟ್ಟು, ಏನೂ ಕೇಳದೆ ಹೋದರೆ? ನಾಲ್ಕನೆಯ ಸಲ ಅವಳ ಆಸೆ ಮುರಿಯಿತು ಎಂದರೆ, ಆಮೇಲೆ ಸ್ವರ್ಗದಿಂದ ಗಿಟಾರು ತಂದರೂ ಅವಳು ಮುಟ್ಟುವುದಿಲ್ಲ. ಆದ್ದರಿಂದ ಅಗ್ಗದ್ದು ಆಗುತ್ತದೋ ಇಲ್ಲವೋ ಎಂದು ತಾವೇ ಪೂರ್ತಿ ಖಾತ್ರಿ ಮಾಡಿಕೊಳ್ಳುವವರೆಗೆ ಅವಳಿಗೆ ವಿಷಯವೇ ಗೊತ್ತಾಗಬಾರದು ಎಂದು ನನ್ನಿಂದ ಆಣೆ ಹಾಕಿಸಿಕೊಂಡರು.

ಶಿವಮೊಗ್ಗಕ್ಕೆ ಹೋಗುವ ದಿನ ಭಾವ ಹೆಗಲ ಮೇಲೆ ಟವೆಲು, ಕೈಯಲ್ಲಿ ಹೊಸ ಹಗ್ಗ ಹಿಡಿದು ಸಿದ್ಧರಾಗಿದ್ದರು. ಹಗ್ಗ ಯಾಕೆ ಎಂದು ಕೇಳಿದೆ. ಕೇಳಬಾರದಿತ್ತು. ಎತ್ತು ಮಾರಿದವನು ಹಗ್ಗ ಬಿಚ್ಚಿಟ್ಟುಕೊಳ್ಳುತ್ತಾನೆ, ಹಳೆಯ ಹಗ್ಗ ಹೋದರೆ ಅವನ ಮನೆಯ ಲಕ್ಷ್ಮಿಯೂ ಜೊತೆಗೆ ಹೋಗುತ್ತಾಳೆ, ಕೊಳ್ಳುವವನು ಹೊಸ ಹಗ್ಗ ಒಯ್ಯುವುದು ಧರ್ಮ ಎಂದು ಬಸ್ಸಿನ ಉದ್ದಕ್ಕೂ ಪಾಠವಾಯಿತು. ಇದು ಎತ್ತಲ್ಲವಲ್ಲ ಎಂದೆ. ಕೊಂಬು ಐತಲ್ಲ ಎಂದರು.

ಅಂಗಡಿಯಲ್ಲಿ ಚೂಟಿಯಾದ ಒಬ್ಬ ಹುಡುಗಿ ಗಿಟಾರುಗಳನ್ನು ತೋರಿಸಲು ಬಂದಳು. ಕರೆಂಟಿಗೆ ಸಿಕ್ಕಿಸಿ ಕೇಳಿಸುತ್ತೇನೆ ಸಾರ್ ಎಂದಳು. ಭಾವ ಕರೆಂಟು ಬೇಡವೇ ಬೇಡ ಎಂದರು. ಎಲೆಕ್ಟ್ರಿಕ್ ಗಿಟಾರು ಬೇಕು, ಎಲೆಕ್ಟ್ರಿಕ್ ಬೇಡ! ಆ ಹುಡುಗಿ ಇಂಥ ಗಿರಾಕಿಯನ್ನು ಕಂಡಿರಲಿಲ್ಲ ಎಂದು ಕಾಣುತ್ತದೆ, ಮೊಬೈಲು ತೆಗೆಯಲೋ ಬೇಡವೋ ಎಂದು ನಿಂತಳು. ಭಾವ ಒಂದೇ ಮಾದರಿಯ ಆರು ಗಿಟಾರುಗಳನ್ನು ಸಾಲಾಗಿ ನಿಲ್ಲಿಸಿ ಗದ್ದ ಊರಿ ಊರಿ ನೋಡಿದರು. ಐದನೆಯದರ ಹಿಂದೆ ಹೋಗಿ ಕೆಮ್ಮಿದಾಗ ಅದರ ತಂತಿಗಳು ಸಣ್ಣಗೆ ಗುಂಯ್ ಎಂದವು. ಎತ್ತಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಬೆದರುವ ಪ್ರಾಣಿ ಎಂದು ಬಿಟ್ಟುಬರುತ್ತಿದ್ದರು. ಯಾಕೋ ಅದನ್ನೇ ಪಕ್ಕಕ್ಕೆ ತೆಗೆದಿಟ್ಟರು.

ಇನ್ನು ಬೆಲೆ. ಹೆಣ್ಣುಮಗಳ ಕೈ ಹಿಡಿಯುವುದು ಸಲ್ಲ ಎಂದು ಭಾವ ಗಲ್ಲಾದಲ್ಲಿ ಕೂತಿದ್ದ ಮಾಲೀಕರ ಬಳಿ ಹೋದರು. ಮಾತಿಲ್ಲ ಕತೆಯಿಲ್ಲ, ಅವರ ಬಲಗೈಯ ಮೇಲೆ ಟವೆಲು ಹೊದಿಸಿ ಒಳಗಿನಿಂದ ಬೆರಳು ಹಿಡಿದರು. ಮಾಲೀಕರು ಒಂದು ಕ್ಷಣ ಬೆಚ್ಚಿದರು. ಆಮೇಲೆ, ಯಾರೋ ನಾಡಿ ನೋಡುವ ಪಂಡಿತರಿರಬೇಕು ಎಂದುಕೊಂಡು, ತಮಗೆ ಶುಗರ್ ಇದೆ, ಬಿ.ಪಿ. ಇಲ್ಲ, ರಾತ್ರಿ ಕಾಲು ಉರಿಯುತ್ತದೆ ಎಂದು ಎಲ್ಲ ಹೇಳಿಕೊಂಡರು. ಭಾವ ಮೆಂತ್ಯ ನೆನೆಸಿ ಕುಡಿಯಲು ಹೇಳಿದರು. ಆ ಔಷಧಿಯಿಂದಲೋ ಏನೋ ಬೆಲೆಯಲ್ಲಿ ಸ್ವಲ್ಪ ಇಳಿಯಿತು.

ಕಡೆಗೆ ಒಂದು ತಕರಾರು ಉಳಿಯಿತು. ಎತ್ತನ್ನು ಮನೆಗೆ ಒಯ್ದು, ಎಂಟು ದಿನ ನೊಗಕ್ಕೆ ಹೂಡಿ ನೋಡಿ, ಒಪ್ಪಿಗೆಯಾದರೆ ಇಟ್ಟುಕೊಳ್ಳುವುದು ನಮ್ಮ ಕಡೆಯ ಪದ್ಧತಿ. ಇದನ್ನು ಅಂಗಡಿಯಲ್ಲಿ ಹೇಗೆ ಹೇಳುವುದಪ್ಪಾ ಎಂದು ನಾನು ಬೆವರುತ್ತಿದ್ದರೆ, ಆ ಹುಡುಗಿಯೇ ಬಿಲ್ಲು ಬರೆಯುತ್ತ, ಏಳು ದಿನದೊಳಗೆ ವಾಪಸು ತರಬಹುದು ಸಾರ್ ಎಂದಳು. ಪೇಟೆಯಲ್ಲೂ ಧರ್ಮ ಉಳಿದಿದೆ ಎಂದು ಭಾವನ ಮುಖ ಅರಳಿತು. ಹುಡುಗಿ ಹೆಗಲಿಗೆ ಹಾಕುವ ಪಟ್ಟಿಯನ್ನು ಬಿಟ್ಟಿ ಕೊಡಲು ಬಂದಾಗ ಎರಡೂ ಕೈ ಮುಗಿದು, ನಿಮ್ಮ ಹಗ್ಗ ನಿಮ್ಮ ಹತ್ರಾನ ಇರ್ಲವ್ವ, ಅಂಗಡಿ ಚಲೋ ನಡೀಲಿ ಎಂದು ಹರಸಿ, ಗಿಟಾರಿನ ಕತ್ತಿಗೆ ಹೊಸ ಹಗ್ಗ ಬಿಗಿದು ಹೊರಟರು. ಶಿಕಾರಿಪುರದ ಬಸ್ಸಿನಲ್ಲಿ ಕಂಡಕ್ಟರು ಹಗ್ಗವನ್ನೂ ಗಿಟಾರನ್ನೂ ಭಾವನನ್ನೂ ನೋಡಿ, ಹಾಯೋದಿಲ್ಲ ಹೌದಲ್ರೀ ಎಂದು ಕೇಳಿಯೇ ಟಿಕೆಟ್ಟು ಹರಿದದ್ದು.

ಮನೆಗೆ ತಂದದ್ದೇನೋ ಆಯಿತು, ಅಕ್ಕನಿಗೆ ಏನು ಹೇಳುವುದು? ಇದು ಮೇಷ್ಟ್ರದು, ಸೊರಬದಲ್ಲಿ ಇಲಿ ಕಾಟ, ಇಲ್ಲಿ ಇಟ್ಟಿದ್ದಾರೆ ಎಂದು ಭಾವ ಚೀಟಿ ಬರೆದು ತೋರಿಸಿದರು. ಅರ್ಧ ಗಂಟೆಗೆ ನನಗೆ ಅಕ್ಕನ ಫೋನು ಬಂತು. ಐವತ್ತೈದು ಆಯಿತು, ಮಗಳ ಮದುವೆ ಮಾಡುವುದು ಬಿಟ್ಟು ತಂತಿ ಮೀಟಲು ಹೊರಟಿದ್ದೀಯಲ್ಲ, ಅಪ್ಪ ಇದ್ದಿದ್ದರೆ ಬೆನ್ನ ಮೇಲೆ ಬರಲು ಮುರಿಯುತ್ತಿದ್ದರು, ಗಣಿತದ ಮೇಷ್ಟ್ರಿಗೆ ಇದೆಂಥ ಮಳ್ಳು ಎಂದು ಬೈದು ಬೈದು ಇಟ್ಟಳು. ಹಲೋ ಎನ್ನಲೂ ಬಿಡದವಳಿಗೆ ನಿಜ ಹೇಳುವುದು ಹೇಗೆ? ಹೇಳುವ ಹಾಗೂ ಇರಲಿಲ್ಲ, ಆಣೆ ಹಾಕಿದ್ದೆ. ನೆಂಟರ ಮಧ್ಯೆ ಇವತ್ತಿಗೂ ನನ್ನ ಹೆಸರು ಸರಿಹೋಗಿಲ್ಲ.

ನಾನು ಮೊಬೈಲಿನಲ್ಲಿ ಈ ಅಗ್ಗದ ಗಿಟಾರಿನ ಬಗ್ಗೆ ಜನ ಬರೆದದ್ದನ್ನೆಲ್ಲ ಹುಡುಕಿ ಫೋನಿನಲ್ಲಿ ಭಾವನಿಗೆ ಓದಿ ಹೇಳಿದೆ. ಕೊಟ್ಟ ಕಾಸಿಗೆ ಮೋಸವಿಲ್ಲ ಎನ್ನುವವರು ಅರ್ಧ, ದುಡ್ಡು ಹೋಯಿತೆಂದು ಒಂದೇ ಸಲ ಅತ್ತು ಅಸಲಿಯನ್ನೇ ಕೊಳ್ಳಿ ಎನ್ನುವವರು ಅರ್ಧ. ದೂರುಗಳು ಬೇಕಾದಷ್ಟಿದ್ದವು. ಬಿರಡೆ ಸಡಿಲ, ಶ್ರುತಿ ನಿಲ್ಲುವುದಿಲ್ಲ ಎಂದು ಓದಿದೆ. ನಾವೇನೂ ಕಚೇರಿ ಮಾಡುವುದಿಲ್ಲ ಎಂದರು ಭಾವ. ಕತ್ತಿನ ಪಟ್ಟಿಗಳ ಅಂಚು ಬೆರಳಿಗೆ ತರಚುತ್ತದೆ ಎಂದೆ. ಬೆರಳು ಯಾರು ಇಡುತ್ತಾರೆ ಎಂದರು. ಕರೆಂಟು ಕೊಟ್ಟರೆ ದುಂಬಿ ಹೊಕ್ಕ ಹಾಗೆ ಸದ್ದು ಬರುತ್ತದಂತೆ ಎಂದೆ. ಕರೆಂಟಿನ ಮಾತೇ ಬೇಡ ಎಂದರು. ಅಲ್ಲಿಗೆ ದೂರುಗಳೆಲ್ಲ ಮುಗಿದವು ಎಂದು ನಾನು ಖುಷಿಯಾಗುವಷ್ಟರಲ್ಲಿ, ಇನ್ನೊಂದು ಕಣ್ಣಿಗೆ ಬಿತ್ತು. ಅಸಲಿಯ ಮೈ ಒಂದೇ ಮರದ್ದು, ಹೆಚ್ಚೆಂದರೆ ಎರಡು ತುಂಡು. ಅಗ್ಗದ್ದರಲ್ಲಿ ನಾಲ್ಕೈದು ತುಂಡು ಅಂಟಿಸಿ ಮೇಲೆ ದಪ್ಪ ಬಣ್ಣ ಬಳಿದಿರುತ್ತಾರೆ. ಈ ಸಲ ಭಾವ ತಳ್ಳಿಹಾಕಲಿಲ್ಲ. ಅಂಟಿಸಿದ ಮರ ದನಿಯನ್ನು ಆ ತುದಿಯಿಂದ ಈ ತುದಿಗೆ ದಾಟಿಸುತ್ತದೋ ಇಲ್ಲವೋ ಎಂದು ಕೇಳಿದರು. ನಾನು ಗಣಿತದವನು, ನನಗೇನು ಗೊತ್ತು?

ಆರು ದಿನ ಭಾವ ಅದೇ ಯೋಚನೆಯಲ್ಲಿ ಗದ್ದ ಊರಿ ಕೂತರು. ತಮ್ಮ ಕಿವಿ ನೆಟ್ಟಗಿರುವುದರಿಂದ ತಮ್ಮ ಪರೀಕ್ಷೆ ನಂಬುವಂತಿಲ್ಲ ಎಂದು ಅವರಿಗೇ ಅನ್ನಿಸಿತು. ಕಿವಿಗೆ ಹತ್ತಿ ತುರುಕಿಕೊಂಡು ನೋಡಿದರು. ಎರಡನೆಯ ಅಭಿಪ್ರಾಯಕ್ಕೆಂದು ಕೊಟ್ಟಿಗೆಗೆ ಒಯ್ದು ಎತ್ತುಗಳ ಮುಂದೆ ಬಾರಿಸಿದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂಬ ಗಾದೆಯನ್ನು ನಾನು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ, ಎತ್ತಿನ ಮುಂದೆ ಗಿಟಾರು ನಮ್ಮ ಮನೆಯಲ್ಲೇ ಆಯಿತು! ಕೆಂದ ಹುಲ್ಲು ತಿನ್ನುವುದನ್ನು ನಿಲ್ಲಿಸಿ ಕೇಳಿತಂತೆ. ಮಾಸ ಹಗ್ಗವನ್ನು ತಿಂದಿತು.

ಏಳನೆಯ ದಿನ ಶನಿವಾರ. ಅವತ್ತು ಸಂಜೆಯೊಳಗೆ ಗಿಟಾರನ್ನು ವಾಪಸು ಕೊಡಬೇಕು, ಇಲ್ಲವೇ ಇಟ್ಟುಕೊಳ್ಳಬೇಕು. ಮಾರನೇ ದಿನ ಬೆಳಿಗ್ಗೆ ಉಳವಿಯ ಕಡೆಯ ರೈತರೊಬ್ಬರು ಎತ್ತುಗಳನ್ನು ನೋಡಲು ಬರುವವರಿದ್ದರು. ಅಸಲಿ ಕೊಳ್ಳುವುದಾದರೆ ಜೋಡಿ ಅವರ ಪಾಲಿಗೆ. ನಾನು ಬೆಳಗಿನ ತರಗತಿ ಮುಗಿಸಿ ಬಸ್ಸು ಹಿಡಿದು ಬಂದೆ. ಮೂವರೂ ಕೂತು ಊಟ ಮಾಡಿದೆವು. ಅಕ್ಕ ನನ್ನ ಎಲೆಗೆ ಬಡಿಸುವಾಗಲೂ ಗಿಟಾರಿನ ಸಿಟ್ಟಿನಿಂದಲೇ ಬಡಿಸಿದಳು. ಊಟವಾದ ಮೇಲೆ ಭಾವ ನನ್ನನ್ನು ಕೊಟ್ಟಿಗೆಗೆ ಕರೆದುಕೊಂಡು ಹೋಗಿ, ತೀರ್ಮಾನವಾಗುತ್ತಿಲ್ಲ ಎಂದರು. ಸಾವಿರಾರು ಎತ್ತು ನೋಡಿದ ಮನುಷ್ಯ, ಒಂದು ನೋಟಕ್ಕೆ ಹೇಳುವ ಮನುಷ್ಯ, ಮಾಸನ ಬೆನ್ನು ಸವರುತ್ತ ನೆಲ ನೋಡಿಕೊಂಡು ನಿಂತಿದ್ದರು. ನನಗೆ ರೇಗಿತು. ನೊಗಕ್ಕೆ ಹೂಡದೆ ಬರೀ ಹಲ್ಲು ನೋಡುತ್ತ ಕೂತರೆ ಯಾವ ಎತ್ತಿನ ಯೋಗ್ಯತೆ ತಿಳಿದೀತು, ಕೇಳಬೇಕಾದವಳು ಒಳಗೆ ಕೂತಿದ್ದಾಳೆ, ಅವಳನ್ನು ಕೇಳುವ ಧೈರ್ಯ ನಿಮಗಿಲ್ಲ ಎಂದುಬಿಟ್ಟೆ. ಅವರು ಅಲ್ಲೇ ಗೋಡೆಗೆ ಒರಗಿಸಿದ್ದ ಗಿಟಾರನ್ನು ಎತ್ತಿಕೊಂಡು ಒಳಗೆ ನಡೆದರು.

ಅಕ್ಕ ನಡುಮನೆಯ ಮಂಚದ ತುದಿಯಲ್ಲಿ ಕೂತು ಮೊರದಲ್ಲಿ ಹೆಸರುಕಾಳು ಆರಿಸುತ್ತಿದ್ದಳು. ಭಾವ ಮೊರವನ್ನು ತೆಗೆದು ಕೆಳಗಿಟ್ಟರು. ಮಂಚದ ಇನ್ನೊಂದು ತುದಿಯಲ್ಲಿ ಕೂತು, ಗಿಟಾರಿನ ತಲೆಯನ್ನು ಅವಳ ಕಡೆ ಚಾಚಿ, ಕೆನ್ನೆ ಇಡು ಎಂದು ಕೈಸನ್ನೆ ಮಾಡಿದರು. ಅಕ್ಕ ಅವರನ್ನು ನೋಡಿದಳು, ನನ್ನನ್ನು ನೋಡಿದಳು. ಇದು ಯಾರದು, ಯಾತಕ್ಕೆ ತಂದದ್ದು ಎಂದು ಆ ಕ್ಷಣಕ್ಕೆ ಅವಳಿಗೆ ತಿಳಿದುಹೋಯಿತು. ಮುಖ ಗಟ್ಟಿಯಾಯಿತು. ಏನೂ ತರಬೇಡಿ ಅಂದಿದ್ದೆನಲ್ಲ ಎಂದಳು. ಆದರೂ, ಗಂಡನ ಕ್ಲೇಶ ಅವರ ಮುಖದಲ್ಲೇ ಇತ್ತು, ಅದನ್ನು ನೋಡಿ, ಕೂದಲು ಹಿಂದಕ್ಕೆ ಸರಿಸಿ, ಮರಕ್ಕೆ ದವಡೆ ಒತ್ತಿ ಕಣ್ಣು ಮುಚ್ಚಿದಳು.

ಭಾವ ತಂತಿ ಮೀಟಿದರು. ಅಕ್ಕ ಅಲ್ಲಾಡಲಿಲ್ಲ. ಇನ್ನೊಂದು ತಂತಿ ಮೀಟಿದರು. ಅವಳ ಮುಖದಿಂದ ನನಗೆ ಏನೂ ಗೊತ್ತಾಗಲಿಲ್ಲ. ಏಳು ದಿನದ ಅಭ್ಯಾಸದಿಂದ ಭಾವನ ಗದ್ದ ತಾನಾಗಿ ಮರದ ಈ ತುದಿಗೆ ಊರಿಕೊಂಡಿತ್ತು. ತಂತಿಯ ಸದ್ದು ಸತ್ತಿತು. ಮೂರನೆಯ ಸಲ ಮೀಟಲು ಅವರ ಕೈ ಮೇಲೇಳಲಿಲ್ಲ. ಕೊಟ್ಟಿಗೆಯಲ್ಲಿ ಮಾತಾಡುವ ಹಾಗೆ, ತಮಗೆ ತಾವೇ, ನನಗೂ ಸರಿಯಾಗಿ ಕೇಳದಷ್ಟು ಸಣ್ಣಗೆ ಗೊಣಗಿದರು.

"ಕೇಳ್ತೈತೋ ಇಲ್ಲೋ, ಪಾಪ, ಇಕಿಗೆ."

ಅಕ್ಕ ಕಣ್ಣು ತೆರೆಯಲಿಲ್ಲ.

"ಕೇಳ್ತದೆ" ಎಂದಳು. ದವಡೆಯನ್ನು ಇನ್ನಷ್ಟು ಒತ್ತಿ, "ನಿಮ್ಮ ದನಿ ಎಂತಕ್ಕೆ ಇಷ್ಟು ಮುದಿಯಾಗಿದೆ?"

ತಂತಿಯ ಸದ್ದು ಅವಳಿಗೆ ಮುಟ್ಟಿತೋ ಇಲ್ಲವೋ, ನಾವು ಕೇಳಲಿಲ್ಲ. ಅಂಟಿಸಿದ ಮರವೆಲ್ಲವನ್ನೂ ದಾಟಿಕೊಂಡು ಗಂಡನ ಗೊಣಗಾಟ ಮುಟ್ಟಿತ್ತು. ಭಾವ ಗದ್ದ ಎತ್ತಲಿಲ್ಲ. ಎತ್ತಿದರೆ ಎಲ್ಲಿ ಹೋಗಿಬಿಡುತ್ತದೋ ಎಂಬ ಹಾಗೆ ಒತ್ತಿಕೊಂಡೇ ಇದ್ದರು, ಕಣ್ಣೀರು ಬಣ್ಣದ ಮೇಲಿಂದ ಇಳಿಯುತ್ತಿತ್ತು. ಅಕ್ಕ, ಎಂತಾದರೂ ಮಾತಾಡಿ, ಸುಮ್ಮನಿರಬೇಡಿ ಎಂದಳು. ಎತ್ತುಗಳಿಗೆ ಗಂಟೆಗಟ್ಟಲೆ ಊರಿನ ಕತೆ ಹೇಳುವ ಮನುಷ್ಯನಿಗೆ ಒಂದು ಮಾತೂ ಹುಟ್ಟಲಿಲ್ಲ. ನಾನು ಉಳವಿಯವರಿಗೆ ನಾಳೆ ಬರುವುದು ಬೇಡ ಎಂದು ಫೋನು ಮಾಡುವ ನೆವದಲ್ಲಿ ಎದ್ದು ಬಾಗಿಲಿಗೆ ಬಂದೆ. ಹಿಂದಿನಿಂದ ಭಾವನ ದನಿ ಕೇಳಿತು. ನಾವು ಮೂವರೂ ಒಟ್ಟಿಗೆ ಕೂತು ಊಟ ಮಾಡಿ ಎದ್ದು ಇನ್ನೂ ಒಂದು ಗಂಟೆ ಆಗಿರಲಿಲ್ಲ.

"ಊಟ ಆತಾ?"

"ಆಯ್ತು" ಎಂದಳು ಅಕ್ಕ. "ನಿಮ್ದು?"